ಅಳೆಯುವ ಬಳ್ಳ ಒಂದೇ ಇರಲಿ



ಬಿತ್ತನೆಯ ಕಾಲ, ಗೊಬ್ಬರದ ಪ್ರಮಾಣ, ಬೆಳೆಗೆ ತಗಲುವ ಕೀಟ ಮತ್ತು ರೋಗಗಳ ವಿಚಾರವನ್ನು ಈ ಪುಟದಲ್ಲಿ ವಾರವಾರವೂ ಓದುತ್ತಿರುವ ನಿಮಗೆ ಈ ವಾರದ ವಿಷಯ ಸ್ವಲ್ಪ ಬೇರೆ ಎನಿಸಬಹುದು. ಆದರೆ ಉಳುವವನಿಗೆ ಇದು ಹೊರಗಿನ ವಿಷಯವಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದರು. ಕೆಸರಿಗೆ ಇಳಿಯಲು ಕಾಲಿನಲ್ಲಿ ಕಸುವಿಲ್ಲದ ವಯಸ್ಸಿನಲ್ಲಿ ಮೊಸರಿನ ಮಾತು ಹಾಗಿರಲಿ, ಗಂಜಿಗಾದರೂ ಯಾರು ಹೊಣೆ? ಈ ವಾರದ ಪ್ರಶ್ನೆ ಅದು.

ನಾನು ಇದನ್ನು ಬರೆಯುತ್ತಿರುವುದು ಬ್ಯಾಟರಾಯನಪುರದಿಂದ. ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳ ದಾಟಿದರೆ ಯಲಹಂಕಕ್ಕೆ ಮುಂಚೆ ಸಿಗುವ ಊರು ಇದು. ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಇಲ್ಲಿಗೆ ಹತ್ತಿರ. ಹಿಂದೆ ಈ ಸುತ್ತಿನಲ್ಲಿ ರಾಗಿ ಹೊಲಗಳಿದ್ದವು, ದ್ರಾಕ್ಷಿ ಚಪ್ಪರಗಳಿದ್ದವು, ಸೊಪ್ಪು ತರಕಾರಿಯ ಮಡಿಗಳಿದ್ದವು. 2007ರಲ್ಲಿ ಬ್ಯಾಟರಾಯನಪುರ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿಹೋಯಿತು. ಹೊಲಗಳು ಬಡಾವಣೆಗಳಾದವು. ಜಮೀನು ಇದ್ದವರಲ್ಲಿ ಕೆಲವರು ಬಾಡಿಗೆ ಮನೆಗಳನ್ನು ಕಟ್ಟಿಕೊಂಡರು, ಕೆಲವರು ಬಂದ ಹಣವನ್ನು ಕಳೆದುಕೊಂಡರು. ಆ ಹೊಲಗಳಲ್ಲಿ ಕೂಲಿ ಮಾಡಿದವರಿಗೆ ಕಟ್ಟಿಕೊಳ್ಳುವುದಕ್ಕೂ ಇರಲಿಲ್ಲ, ಕಳೆದುಕೊಳ್ಳುವುದಕ್ಕೂ ಇರಲಿಲ್ಲ.

2025ರ ಯುಗಾದಿಗೆ ಕೆಲವೇ ದಿನ ಮುಂಚೆ ಅಂಥ ಒಬ್ಬ ಯಜಮಾನರು ನನ್ನ ಬಳಿ ಬಂದರು. ವಯಸ್ಸು ಎಪ್ಪತ್ತು ದಾಟಿದೆ. ಹರೆಯದಲ್ಲಿ ದ್ರಾಕ್ಷಿ ತೋಟಗಳಲ್ಲಿ ಕುಡಿ ಕತ್ತರಿಸುವ ಕೆಲಸ ಮಾಡಿದವರು. ಕುಳಿತುಕೊಳ್ಳಿ ಎಂದೆ. ಕುಳಿತು ಕೇಳಿದರು: “ಸ್ವಾಮಿ, ಎಮ್ಮೆಲ್ಲೆಗಳಿಗೆ ಪಿಂಚಣಿ ಜಾಸ್ತಿ ಆಯ್ತಂತೆ. ಬೆಲೆ ಏರಿದೆ ಅಂತ ಮಾಡಿದಾರಂತೆ. ಹಂಗಾದ್ರೆ ನಮ್ಮದೂ ಜೊತೇಲೇ ಆಗಿರಬೇಕಲ್ಲ? ಎಷ್ಟಾಗಿದೆ ನೋಡಿ ಹೇಳಿ.”

ಅವರು ವ್ಯಂಗ್ಯಕ್ಕೆ ಕೇಳಿದ್ದಲ್ಲ. ಬೆಲೆ ಏರಿದ್ದು ಎಲ್ಲರಿಗೂ ಆದ್ದರಿಂದ ಪಿಂಚಣಿಯೂ ಎಲ್ಲರಿಗೂ ಏರಿರಬೇಕು ಎಂದು ಅವರು ನಿಜವಾಗಿಯೂ ನಂಬಿದ್ದರು. ಇಪ್ಪತ್ತು ವರ್ಷಕ್ಕೆ ಹತ್ತಿರವಾದ ನನ್ನ ನೌಕರಿಯಲ್ಲಿ ರೈತರು ಕೇಳಿದ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಹೇಳಿದ್ದೇನೆ. ಈ ಪ್ರಶ್ನೆಗೆ ಮಾತ್ರ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ.

ಎರಡು ಲೆಕ್ಕಗಳು

ಮೊದಲು ಅಂಕಿಗಳನ್ನು ನೋಡೋಣ. 2025ರ ಮಾರ್ಚ್ 21ರಂದು ಕರ್ನಾಟಕ ವಿಧಾನಸಭೆಯಲ್ಲಿ ಶಾಸಕರ ವೇತನ, ಪಿಂಚಣಿ ಮತ್ತು ಭತ್ಯೆಗಳ ತಿದ್ದುಪಡಿ ಮಸೂದೆ ಅಂಗೀಕಾರವಾಯಿತು. ಸದನದಲ್ಲಿ ಅಂದು ಬೇರೆ ವಿಷಯಗಳಿಗಾಗಿ ಭಾರಿ ಗದ್ದಲ ನಡೆದಿತ್ತು. ಆ ಗದ್ದಲದ ನಡುವೆಯೇ, ಚರ್ಚೆಯಿಲ್ಲದೆ, ಮಸೂದೆ ಪಾಸಾಯಿತು. ಶಾಸಕರ ವೇತನವನ್ನು ತಿಂಗಳಿಗೆ 40,000 ರೂಪಾಯಿಯಿಂದ 80,000ಕ್ಕೂ ಮಾಜಿ ಶಾಸಕರ ಪಿಂಚಣಿಯನ್ನು 50,000ದಿಂದ 75,000ಕ್ಕೂ ಏರಿಸಲಾಯಿತು. ಹೆಚ್ಚು ಅವಧಿ ಸದಸ್ಯರಾಗಿದ್ದವರಿಗೆ ಹೆಚ್ಚುವರಿ ಪಿಂಚಣಿ ಬೇರೆ. ಜೀವನವೆಚ್ಚ ಏರಿದೆ ಎಂಬುದೇ ಕೊಟ್ಟ ಕಾರಣ. 2022ರ ಫೆಬ್ರವರಿಯಲ್ಲಿ ವೇತನ ಏರಿಸಿದಾಗಲೂ ಸದನದಲ್ಲಿ ಗದ್ದಲ, ಮಸೂದೆಗೆ ಚರ್ಚೆಯಿಲ್ಲ. ಆಗ ಆಳುತ್ತಿದ್ದ ಪಕ್ಷ ಬೇರೆ, ಈಗಿನದು ಬೇರೆ. ಆದ್ದರಿಂದ ಇದನ್ನು ಒಂದು ಪಕ್ಷದ ತಪ್ಪೆಂದು ಎಣಿಸಬೇಡಿರಿ.

ಇನ್ನು ನಮ್ಮ ಯಜಮಾನರ ಲೆಕ್ಕ. ಸಣ್ಣ ಮತ್ತು ಅತಿಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು, ಮೀನುಗಾರರು ಮೊದಲಾದವರಿಗೆಂದು ನಮ್ಮ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂದದ್ದು 2007ರಲ್ಲಿ. ಆಗ ತಿಂಗಳಿಗೆ 400 ರೂಪಾಯಿ. ಹಂತಹಂತವಾಗಿ 1,000 ಆಯಿತು. 2021ರ ಜುಲೈನಲ್ಲಿ ಅದನ್ನು 1,200 ಮಾಡುವ ಘೋಷಣೆಯಾಯಿತು. 2025ರ ಮಾರ್ಚ್‌ನಲ್ಲಿ ಶಾಸಕರ ಮಸೂದೆ ಪಾಸಾದ ದಿನವೂ ಅದು 1,200 ಆಗಿಯೇ ಇತ್ತು. ಒಬ್ಬರಿಗೆ ವರ್ಷಕ್ಕೆ 9 ಲಕ್ಷ, ಇನ್ನೊಬ್ಬರಿಗೆ ವರ್ಷಕ್ಕೆ 14,400. ಇದು 62 ಪಟ್ಟಿಗೂ ಮೀರಿದ ಅಂತರ.

ದೆಹಲಿಯ ಲೆಕ್ಕ ಇದಕ್ಕಿಂತ ಸ್ಪಷ್ಟವಾಗಿದೆ. ಸಂಸತ್ ಸದಸ್ಯರ ವೇತನ ಮತ್ತು ಪಿಂಚಣಿಯನ್ನು ಐದು ವರ್ಷಕ್ಕೊಮ್ಮೆ ಬೆಲೆ ಏರಿಕೆಯ ಸೂಚ್ಯಂಕಕ್ಕೆ ತಕ್ಕಂತೆ ಏರಿಸಬೇಕೆಂದು 2018ರಲ್ಲಿ ಕಾನೂನೇ ಆಯಿತು. ಅದರಂತೆ 2025ರ ಮಾರ್ಚ್‌ನಲ್ಲಿ ಹೊರಟ ಅಧಿಸೂಚನೆಯಲ್ಲಿ ಮಾಜಿ ಸಂಸದರ ಪಿಂಚಣಿ 25,000ದಿಂದ 31,000 ಆಯಿತು. ಅದೂ 2023ರ ಏಪ್ರಿಲ್‌ನಿಂದಲೇ ಅನ್ವಯವಾಗುವಂತೆ. ಅದೇ ಕೇಂದ್ರ ಸರ್ಕಾರವು 60ರಿಂದ 79 ವರ್ಷದ ಬಡ ವೃದ್ಧರ ಪಿಂಚಣಿಗಾಗಿ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲಿಯೂ 200, 2025ರಲ್ಲಿಯೂ 200. ಆ ಇನ್ನೂರಕ್ಕೆ ಯಾವ ಸೂಚ್ಯಂಕವನ್ನೂ ಯಾರೂ ಕಟ್ಟಲಿಲ್ಲ.

ಕೊಳ್ಳುವಾಗ ಒಂದು ಬಳ್ಳ, ಕೊಡುವಾಗ ಇನ್ನೊಂದು ಬಳ್ಳ ಇಟ್ಟುಕೊಂಡ ಧಾನ್ಯದ ವ್ಯಾಪಾರಿಯನ್ನು ಸಂತೆಯಲ್ಲಿ ಏನೆಂದು ಕರೆಯುತ್ತೇವೆ ಎಂಬುದು ನಿಮಗೆ ಗೊತ್ತು. ಇಲ್ಲಿ ನಡೆದಿರುವುದೂ ಎರಡು ಬಳ್ಳಗಳ ವ್ಯವಹಾರವೇ.

ಪಿಂಚಣಿ ಕೊಡುವುದು ತಪ್ಪಲ್ಲ

ಹಾಗೆಂದ ಮಾತ್ರಕ್ಕೆ ಶಾಸಕರಿಗೆ ಪಿಂಚಣಿಯೇ ಕೂಡದು ಎಂದು ನಾನು ಹೇಳುವುದಿಲ್ಲ. ವಾಚನಾಲಯದ ಕಟ್ಟೆಯಲ್ಲಿ ಈ ಮಾತು ಬಂದಾಗಲೆಲ್ಲ “ಅವರಿಗೇಕೆ ಬೇಕು?” ಎಂಬ ಸಿಟ್ಟಿನ ಮಾತೇ ಮೊದಲು ಬರುತ್ತದೆ. ಸ್ವಲ್ಪ ತಾಳ್ಮೆಯಿಂದ ಯೋಚಿಸಿರಿ.

ಕಾಗೋಡಿನ ಗೇಣಿ ರೈತರ ಸತ್ಯಾಗ್ರಹ ನಡೆದದ್ದು 1951ರಲ್ಲಿ. ಆ ಹೋರಾಟದ ಮುಂದಾಳು ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು, ಮುಂದೆಯೂ ಗೆದ್ದರು. ಉಳುವವನೇ ಹೊಲದೊಡೆಯನಾಗಬೇಕು ಎಂಬ ಮಾತನ್ನು ಸದನದೊಳಕ್ಕೆ ಕೊಂಡೊಯ್ದವರಲ್ಲಿ ಅವರು ಪ್ರಮುಖರು. ಆದರೂ ಬಡತನದಲ್ಲಿಯೇ ಬದುಕಿ, ಐವತ್ತು ತುಂಬುವ ಮುಂಚೆ, 1972ರಲ್ಲಿ ತೀರಿಕೊಂಡರು. ಸಂಸತ್ ಸದಸ್ಯರಿಗೆ ಪಿಂಚಣಿಯ ಏರ್ಪಾಟು ಬಂದದ್ದು ಅವರು ಹೋದ ನಾಲ್ಕು ವರ್ಷದ ನಂತರ, 1976ರಲ್ಲಿ.

ಆಸ್ತಿಯಿಲ್ಲದವನೂ ಶಾಸಕನಾಗಬೇಕಾದರೆ, ಆಗಿ ಪ್ರಾಮಾಣಿಕನಾಗಿ ಉಳಿಯಬೇಕಾದರೆ, ಅವನ ಮುಪ್ಪಿಗೆ ಒಂದು ಆಸರೆ ಬೇಕು. ಇಲ್ಲವಾದರೆ ಶಾಸನಸಭೆ ಸಿರಿವಂತರ ಕೂಟವಾಗುತ್ತದೆ. ಪಿಂಚಣಿಯ ಹಿಂದಿರುವ ಈ ತತ್ವ ಸರಿಯಾದದ್ದೇ. ಆದರೆ ಅದೇ ತತ್ವ ಕೂಲಿಕಾರನಿಗೆ ಏಕೆ ಅನ್ವಯಿಸುವುದಿಲ್ಲ? ಮುಪ್ಪಿಗೆ ಆಸರೆ ಬೇಕೆಂಬುದು ಸತ್ಯವಾದರೆ ಅದು ಎಲ್ಲರ ಮುಪ್ಪಿಗೂ ಸತ್ಯ.

ಕಾರ್ಖಾನೆಗೆ ಹೋದ ನಮ್ಮ ಮಕ್ಕಳು

“ನಮ್ಮ ಮಕ್ಕಳು ನೌಕರಿಗೆ ಹೋಗಿದ್ದಾರೆ, ಅವರಿಗಾದರೂ ಪಿಂಚಣಿ ಉಂಟು” ಎಂದು ನೀವು ಸಮಾಧಾನಪಟ್ಟುಕೊಳ್ಳಬಹುದು. ಆ ಲೆಕ್ಕವನ್ನೂ ನೋಡೋಣ.

ಖಾಸಗಿ ಕಾರ್ಖಾನೆಯ ಕಾರ್ಮಿಕರಿಗೆ ಭವಿಷ್ಯನಿಧಿಯ ಜೊತೆಗಿರುವ ಪಿಂಚಣಿ ಯೋಜನೆ ಬಂದದ್ದು 1995ರ ನವೆಂಬರ್‌ನಲ್ಲಿ. ಕನಿಷ್ಠ 10 ವರ್ಷ ದುಡಿದಿರಬೇಕು, 58 ವರ್ಷ ತುಂಬಬೇಕು. ಲೆಕ್ಕ ಹಾಕುವ ಸಂಬಳಕ್ಕೆ 2014ರಿಂದ 15,000 ರೂಪಾಯಿಯ ಮಿತಿ. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆ ಮಿತಿಯಲ್ಲಿ 10 ವರ್ಷ ದುಡಿದವರಿಗೆ ತಿಂಗಳಿಗೆ ಸುಮಾರು 2,140 ರೂಪಾಯಿ, 35 ವರ್ಷದ ಸೇವೆಗೆ 7,500. ಕನಿಷ್ಠ ಪಿಂಚಣಿ 1,000 ಎಂದು 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾಯಿತು. ಇದಕ್ಕೆ ತುಟ್ಟಿಭತ್ಯೆಯಿಲ್ಲ. ಅರವತ್ತರಲ್ಲಿ ಬಂದಷ್ಟೇ ಎಂಬತ್ತರಲ್ಲಿಯೂ. ಸಂಸದರಾದರೋ ಎಷ್ಟೇ ಕಾಲ ಸದಸ್ಯರಾಗಿದ್ದರೂ ಪಿಂಚಣಿಗೆ ಅರ್ಹರು.

2016ರ ಏಪ್ರಿಲ್ ನೆನಪಿಸಿಕೊಳ್ಳಿರಿ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ಹಿಂದಕ್ಕೆ ಪಡೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರವರಿಯಲ್ಲಿ ನಿಯಮ ಹೊರಡಿಸಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳಿದು ಹೆದ್ದಾರಿಗಳನ್ನು ತಡೆದರು. 19ರಂದೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ಎರಡು ದಿನಗಳಲ್ಲಿ ಬಸ್ಸುಗಳಿಗೆ ಬೆಂಕಿ ಬಿದ್ದದ್ದನ್ನು ಯಾರೂ ಒಪ್ಪುವುದಿಲ್ಲ. ಆದರೆ ಆ ಹೆಣ್ಣುಮಕ್ಕಳ ಭಯವನ್ನು ಅರ್ಥಮಾಡಿಕೊಳ್ಳಬೇಕು. ಅವರಲ್ಲಿ ಎಷ್ಟೋ ಮಂದಿ ನಿಮ್ಮಂಥವರ ಮನೆಗಳಿಂದಲೇ ಹೋದವರು. ಐವತ್ತೆಂಟರವರೆಗೆ ಆ ಹೊಲಿಗೆ ಯಂತ್ರದ ಮುಂದೆ ಕೂರುವ ಭರವಸೆ ಅವರಿಗಿರಲಿಲ್ಲ. ಮಗಳ ಮದುವೆ, ಮಗನ ಓದು, ಊರಿನ ಸಾಲ, ಇವಕ್ಕೆಲ್ಲ ಕೈಯಲ್ಲಿದ್ದ ಗಂಟು ಅದೊಂದೇ.

ನನ್ನ ಮಾತನ್ನೂ ಹೇಳಿಬಿಡುತ್ತೇನೆ. 2006ರ ಏಪ್ರಿಲ್ 1 ಮತ್ತು ಅದರ ನಂತರ ಸೇವೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆ ಬಂದದ್ದು ಹೊಸ ಪಿಂಚಣಿ ಪದ್ಧತಿ. ನಾನೂ ಅದಕ್ಕೆ ಸೇರಿದವನು. ಮೂಲವೇತನ ಮತ್ತು ತುಟ್ಟಿಭತ್ಯೆಯ ನೂರಕ್ಕೆ ಹತ್ತು ಭಾಗ ಪ್ರತಿ ತಿಂಗಳೂ ಕಡಿತವಾಗುತ್ತದೆ, ಸರ್ಕಾರ ತನ್ನ ಪಾಲು ಸೇರಿಸುತ್ತದೆ. ಆ ಹಣ ಮಾರುಕಟ್ಟೆಯಲ್ಲಿ ತೊಡಗುತ್ತದೆ. ಕೊನೆಗೆ ಕೈಗೆ ಬರುವುದೆಷ್ಟು ಎಂದು ಇಂದು ಹೇಳಲಾಗದು. ಮಳೆ ನೋಡಿ ರಾಗಿ ಬಿತ್ತುವ ನಿಮ್ಮ ಸ್ಥಿತಿಗೂ ನನ್ನ ಮುಪ್ಪಿನ ಸ್ಥಿತಿಗೂ ಅಷ್ಟೇನೂ ವ್ಯತ್ಯಾಸವಿಲ್ಲ. ಆದರೂ ನನಗೆ ತಿಂಗಳ ಸಂಬಳವಿದೆ. ನಿಮಗೆ ಅದೂ ಇಲ್ಲವಾದ್ದರಿಂದ ನನ್ನ ಅಳಲನ್ನು ದೊಡ್ಡದು ಮಾಡುವುದಿಲ್ಲ. ಹೇಳಬೇಕಾದದ್ದು ಇಷ್ಟೇ: ಕಾರ್ಮಿಕರ ಪಿಂಚಣಿಗಾಗಲಿ ನೌಕರರ ಪಿಂಚಣಿಗಾಗಲಿ ವಂತಿಗೆ ಕಟ್ಟಬೇಕು ಎಂದು ಕಾನೂನು ಮಾಡಿದವರು ತಮ್ಮ ಪಿಂಚಣಿಗೆ ವಂತಿಗೆಯ ನಿಯಮವನ್ನು ಇಟ್ಟುಕೊಳ್ಳಲಿಲ್ಲ.

ಹಣದ ಲೆಕ್ಕವನ್ನು ಮರೆಯಬಾರದು

ನ್ಯಾಯ ಕೇಳುವವರು ಲೆಕ್ಕವನ್ನೂ ನ್ಯಾಯವಾಗಿಯೇ ಮಾಡಬೇಕು. ಶಾಸಕರ ಮತ್ತು ಸಚಿವರ ವೇತನ, ಪಿಂಚಣಿ ಏರಿಕೆಯಿಂದ ಬೊಕ್ಕಸಕ್ಕೆ ಬೀಳುವ ಹೆಚ್ಚುವರಿ ಹೊರೆ ವರ್ಷಕ್ಕೆ ಸುಮಾರು 62 ಕೋಟಿ ಎಂದು 2025ರಲ್ಲಿ ವರದಿಯಾಯಿತು. ರಾಜ್ಯದ ಆ ವರ್ಷದ ಆಯವ್ಯಯ 4 ಲಕ್ಷ ಕೋಟಿಗೂ ಹೆಚ್ಚು. ಅದರ ಮುಂದೆ 62 ಕೋಟಿ ದೊಡ್ಡದಲ್ಲ. ವೃದ್ಧರ ಪಿಂಚಣಿಯ ಮಾತು ಹಾಗಲ್ಲ. ಪ್ರತಿ 10 ಲಕ್ಷ ಮಂದಿಗೆ ತಿಂಗಳಿಗೆ ಕೇವಲ 100 ರೂಪಾಯಿ ಹೆಚ್ಚಿಸಿದರೂ ವರ್ಷಕ್ಕೆ 120 ಕೋಟಿ ಬೇಕು. ಶಾಸಕರ ಪಿಂಚಣಿಯನ್ನು ಪೂರ್ತಿ ನಿಲ್ಲಿಸಿದರೂ ವೃದ್ಧರ ಹೊಟ್ಟೆ ತುಂಬುವುದಿಲ್ಲ. ಇದು ಗೊತ್ತಿದ್ದೇ ಮಾತಾಡಬೇಕು.

ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ 2023ರ ಆಗಸ್ಟ್‌ನಿಂದ ಬರುತ್ತಿಲ್ಲವೇ ಎಂದು ಕೇಳುವವರೂ ಇದ್ದಾರೆ. ಅದು ಕುಟುಂಬಕ್ಕೆ ಕೊಡುವ ನೆರವು. ಒಂಟಿ ಮುದುಕನಿಗೆ ಅದರಿಂದ ಏನೂ ಬರುವುದಿಲ್ಲ. ನೆರವು ಬೇರೆ, ದುಡಿದು ದಣಿದವನ ಹಕ್ಕು ಬೇರೆ.

ಹಾಗಾದರೆ 62 ಕೋಟಿಯ ಮಾತನ್ನು ಏಕೆ ಎತ್ತಬೇಕು? ಏಕೆಂದರೆ ಪ್ರಶ್ನೆ ಮೊತ್ತದ್ದಲ್ಲ, ರೀತಿಯದು. ತನ್ನ ಪಾಲನ್ನು ತಾನೇ ಅಳೆದುಕೊಳ್ಳುವವನು ಅರ್ಧ ದಿನದಲ್ಲಿ ಅಳೆದುಕೊಳ್ಳುತ್ತಾನೆ. ಇನ್ನೊಬ್ಬನ ಪಾಲಿಗೆ ಬಂದಾಗ ಬೊಕ್ಕಸದ ಕಷ್ಟ, ಅರ್ಹತೆಯ ಪರಿಶೀಲನೆ, ಆದಾಯದ ಮಿತಿ ಎಲ್ಲ ನೆನಪಾಗುತ್ತವೆ. ತನ್ನ ಪಿಂಚಣಿ ಬಡವನ ಪಿಂಚಣಿಯ ಜೊತೆಗೇ ಏರಬೇಕು ಎಂಬ ಕಟ್ಟುಪಾಡು ಇದ್ದಿದ್ದರೆ ಶಾಸಕನು ಎರಡರ ಲೆಕ್ಕವನ್ನೂ ಒಟ್ಟಿಗೇ ಕೂಡಿಸಿ ನೋಡುತ್ತಿದ್ದ.

ಏನಾಗಬೇಕು?

ನ್ಯಾಯಾಲಯ ಇದನ್ನು ಸರಿಪಡಿಸಲಿ ಎಂದು ಕಾದು ಕೂರುವಂತಿಲ್ಲ. ಮಾಜಿ ಸಂಸದರ ಪಿಂಚಣಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ ವಜಾ ಮಾಡಿತು. ತೀರ್ಮಾನ ಶಾಸನಸಭೆಗಳಿಗೇ ಬಿಟ್ಟದ್ದು. ಅಂದರೆ ಕೊನೆಗೆ ಅವರನ್ನು ಆರಿಸುವ ನಮಗೇ ಬಿಟ್ಟದ್ದು. ಆಗಬೇಕಾದ ಕೆಲಸ ಮೂರು.

ಒಂದು, ತಮ್ಮ ವೇತನ ಮತ್ತು ಪಿಂಚಣಿಯನ್ನು ತಾವೇ ನಿಗದಿಪಡಿಸಿಕೊಳ್ಳುವ ಪದ್ಧತಿ ನಿಲ್ಲಬೇಕು. ಬ್ರಿಟನ್ನಿನಲ್ಲಿ ಸಂಸದರ ಖರ್ಚುವೆಚ್ಚದ ಹಗರಣ ಬಯಲಾದ ಮೇಲೆ 2009ರಲ್ಲಿ ಇದಕ್ಕಾಗಿ ಸ್ವತಂತ್ರ ಪ್ರಾಧಿಕಾರವನ್ನೇ ರಚಿಸಿದರು. ಅಲ್ಲಿನ ಸಂಸದರು ತಮ್ಮ ಪಿಂಚಣಿಗೆ ಸಂಬಳದಿಂದ ವಂತಿಗೆಯನ್ನೂ ಕಟ್ಟುತ್ತಾರೆ.

ಎರಡು, ಸೇವೆಗೆ ತಕ್ಕ ಮಿತಿ ಬೇಕು. ಪಂಜಾಬಿನಲ್ಲಿ ಹಿಂದೆ ಗೆದ್ದಷ್ಟು ಬಾರಿಯೂ ಪಿಂಚಣಿ ಏರುತ್ತಿತ್ತು. 2022ರಲ್ಲಿ ಅಲ್ಲಿ ಕಾನೂನು ತಿದ್ದಿ, ಎಷ್ಟು ಬಾರಿ ಗೆದ್ದರೂ ಶಾಸಕರಿಗೆ ಒಂದೇ ಪಿಂಚಣಿ ಎಂದು ಮಾಡಿದರು. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ಶಾಸಕರ ಪಿಂಚಣಿ ಯಾವ ಸೂಚ್ಯಂಕಕ್ಕೆ ಏರುತ್ತದೋ ವೃದ್ಧಾಪ್ಯ ವೇತನವೂ ಅದೇ ಸೂಚ್ಯಂಕಕ್ಕೆ, ಅದೇ ದಿನದಿಂದ ಏರಬೇಕು. ಮೊತ್ತ ಒಂದೇ ಇರಬೇಕೆಂದು ಯಾರೂ ಕೇಳುತ್ತಿಲ್ಲ. ಅಳೆಯುವ ಬಳ್ಳ ಒಂದೇ ಇರಲಿ ಎಂದಷ್ಟೇ ಕೇಳುತ್ತಿರುವುದು.

ನೀವು ಮಾಡಬಹುದಾದದ್ದು

ಕಾನೂನು ಬದಲಾಗುವವರೆಗೆ ಇರುವುದನ್ನು ಬಿಡಬೇಡಿರಿ. ನಿಮ್ಮ ಮನೆಯಲ್ಲಿ 18ರಿಂದ 40 ವರ್ಷದೊಳಗಿನವರಿದ್ದು, ಜಮೀನು 2 ಹೆಕ್ಟೇರು ಅಂದರೆ ಐದು ಎಕರೆಯೊಳಗಿದ್ದರೆ, 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆಯ ಬಗ್ಗೆ ವಿಚಾರಿಸಿರಿ. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ವಂತಿಗೆ. 29ರಲ್ಲಿ ಸೇರಿದರೆ 100. ಅಷ್ಟೇ ಮೊತ್ತವನ್ನು ಕೇಂದ್ರ ಸರ್ಕಾರ ಸೇರಿಸುತ್ತದೆ. ಅರವತ್ತು ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ. ಪಿಂಚಣಿ ಪಡೆಯುತ್ತಿದ್ದವರು ತೀರಿಕೊಂಡರೆ ಹೆಂಡತಿ ಅಥವಾ ಗಂಡನಿಗೆ ಅದರ ಅರ್ಧ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಹೆಸರು ನೋಂದಾಯಿಸಬಹುದು. ಬೇಕಾದರೆ ಪಿಎಂ ಕಿಸಾನ್ ಕಂತಿನಿಂದಲೇ ವಂತಿಗೆ ಕಡಿತವಾಗುವಂತೆ ಬರೆದುಕೊಡಬಹುದು.

ಆದರೆ ಒಂದು ಎಚ್ಚರಿಕೆ. ಈ 3,000ವೂ ಬೆಲೆ ಏರಿಕೆಗೆ ಕಟ್ಟಿದ ಮೊತ್ತವಲ್ಲ. ಮೂವತ್ತು ವರ್ಷದ ನಂತರ ಅದಕ್ಕೆ ಎಷ್ಟು ರಾಗಿ ಬರುತ್ತದೆ ಎಂಬುದನ್ನು ನೀವೇ ಊಹಿಸಿರಿ. ಆದ್ದರಿಂದ ಇದೊಂದನ್ನೇ ನಂಬಬೇಡಿರಿ. ಭೂಮಿಯೇ ರೈತನ ನಿಜವಾದ ಪಿಂಚಣಿ ಎಂಬುದನ್ನು ಬ್ಯಾಟರಾಯನಪುರದ ಸುತ್ತಲಿನವರು ಕಳೆದುಕೊಂಡ ಮೇಲೆ ಕಲಿತರು. ನೀವು ಕಳೆದುಕೊಳ್ಳುವ ಮುಂಚೆ ಕಲಿಯಿರಿ. ಮಾರಲೇಬೇಕಾಗಿ ಬಂದರೆ ಬಂದ ಹಣದಲ್ಲಿ ಒಂದು ಪಾಲನ್ನು ಗಂಡ ಹೆಂಡಿರ ಮುಪ್ಪಿಗೆಂದು ಬ್ಯಾಂಕಿನಲ್ಲಿಯೋ ಅಂಚೆ ಕಚೇರಿಯಲ್ಲಿಯೋ ಬೇರೆಯಾಗಿ ಇಡಿರಿ.

ಊರಿನಲ್ಲಿ 65 ದಾಟಿದ ಬಡ ಕೂಲಿಕಾರರು, ಸಣ್ಣ ರೈತರು ಇದ್ದರೆ ಅವರಿಗೆ ಸಂಧ್ಯಾ ಸುರಕ್ಷಾ ಬರುತ್ತಿದೆಯೇ ಎಂದು ಓದುಬರಹ ಬಲ್ಲ ಯುವಕರು ವಿಚಾರಿಸಲಿ. ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಬ್ಯಾಂಕು ಅಥವಾ ಅಂಚೆ ಖಾತೆಯ ಪುಸ್ತಕ ಹಿಡಿದು ನಾಡಕಚೇರಿಗೆ ಜೊತೆಯಲ್ಲಿ ಹೋಗಲಿ. ಬೆರಳಿನ ಗೆರೆ ಸವೆದು ಯಂತ್ರ ಗುರುತು ಹಿಡಿಯದೆ ವಾಪಸು ಬಂದ ಹಿರಿಯರನ್ನು ನಾನೇ ಕಂಡಿದ್ದೇನೆ. ಆ ಗೆರೆ ಸವೆದದ್ದು ನಮ್ಮ ಹೊಲಗಳಲ್ಲಿಯೇ.

ಇನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಅಳದ ಕೂಸಿಗೆ ಹಾಲಿಲ್ಲ. ಸಂಧ್ಯಾ ಸುರಕ್ಷಾ ಕಂದಾಯ ಇಲಾಖೆಗೆ ಸೇರಿದ ಯೋಜನೆ. 2023ರಲ್ಲಿ ಆ ಖಾತೆಯ ಸಚಿವರಾದ ಕೃಷ್ಣ ಬೈರೇಗೌಡರು ಇದೇ ಬ್ಯಾಟರಾಯನಪುರ ಕ್ಷೇತ್ರದಿಂದ ಆರಿಸಿಬಂದವರು, ಅದಕ್ಕೂ ಮುಂಚೆ ಕೃಷಿ ಸಚಿವರಾಗಿದ್ದವರು. ನಿಮ್ಮ ಕ್ಷೇತ್ರದ ಶಾಸಕರು ಯಾವ ಪಕ್ಷದವರಾದರೂ ಇರಲಿ, ಊರಿಗೆ ಬಂದಾಗ ಹಾರ ಹಾಕಿ, ನೀರು ಕೊಟ್ಟು, ಮರ್ಯಾದೆಯಿಂದಲೇ ಒಂದು ಪ್ರಶ್ನೆ ಕೇಳಿರಿ: “ಸ್ವಾಮಿ, ಮುಂದಿನ ಸಾರಿ ನಿಮ್ಮ ಪಿಂಚಣಿ ಏರಿಸುವಾಗ ನಮ್ಮದನ್ನೂ ಅದೇ ಮಸೂದೆಯಲ್ಲಿ ಸೇರಿಸುತ್ತೀರಾ?”

ಅಂದು ಬಂದಿದ್ದ ಯಜಮಾನರಿಗೆ ಕೊನೆಗೂ ಸತ್ಯವನ್ನೇ ಹೇಳಬೇಕಾಯಿತು. “ನಿಮ್ಮದು ಏರಿಲ್ಲ ಯಜಮಾನರೇ, ಅಷ್ಟೇ ಇದೆ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆಯೋಕೆ ಮರೆತಿರಬೇಕು, ಮುಂದಿನ ಸಾರಿ ಸೇರಿಸ್ತಾರೆ ಬಿಡಿ” ಎಂದು ಟವಲ್ಲು ಕೊಡವಿ ಎದ್ದು ಹೋದರು. ಅವರು ಮರೆತದ್ದೇ ನಿಜವಾದರೆ ನೆನಪಿಸುವ ಕೆಲಸ ನಮ್ಮದು.